ಮಗಳಿಗೊಂದು ಪತ್ರ: ಕೋರ್ಟು ಏಳುವ ತನಕ

ಪ್ರೀತಿಯ ಪುಟ್ಟಿ,

ಭಾನುವಾರ ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಕುಕ್ಕರ್ ಕೂಗ್ತಿದೆ ಅಂತ ಹೇಳಿ ಫೋನ್ ಇಟ್ಟುಬಿಟ್ಟೆ. ಒಲೆ ಮೇಲೆ ಕುಕ್ಕರ್ ಇರಲೇ ಇಲ್ಲ.

ಸೀನಿಯರ್ ನಿನ್ನ ಕೈಗೆ ಕೊಟ್ಟ ಮೊದಲ ಕೇಸು. ಕಾರು ಓಡಿಸಿದವನ ಪರವಾಗಿ ನಿಲ್ಲಬೇಕು. ಸತ್ತಿರುವುದು ಬೈಕಿನಲ್ಲಿದ್ದ ಹುಡುಗ. ಇಷ್ಟು ಹೇಳಿ ನೀನು ಮೆಲ್ಲಗೆ, 'ಅಮ್ಮಾ, ಬೇಡ ಅಂದುಬಿಡಲಾ?' ಅಂದೆ. ಹೀಗೇ ಸತ್ತ ನನ್ನ ತಮ್ಮ, ನಿನ್ನ ಮಾವನ ನೆನಪಾಗಿಯೇ ಹಾಗೆ ಕೇಳಿದೆ ಅಂತ ನನಗೆ ಗೊತ್ತಾಯಿತು. ಗಂಟಲು ಕಟ್ಟಿತು, ಅದಕ್ಕೇ ಫೋನ್ ಇಟ್ಟೆ.

ಕೇಸು ತಗೋ. ಮೊದಲು ಅದನ್ನು ಹೇಳಿಬಿಡುತ್ತೇನೆ. ತಪ್ಪು ಮಾಡಿದವನಿಗೂ ಅವನ ಪರ ಮಾತಾಡುವವರು ಒಬ್ಬರು ಬೇಕು. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ನಿನ್ನ ಮಾವನ ಕೇಸು ಹೇಗೆ ಮುಗಿಯಿತು ಅಂತ ನಿನಗೆ ನಾವ್ಯಾರೂ ಸರಿಯಾಗಿ ಹೇಳಿಲ್ಲ. ನೀನಾಗ ಚಿಕ್ಕವಳು. ಆಮೇಲೆ ಹೇಳುವುದಕ್ಕೆ ಮನಸ್ಸು ಬರಲಿಲ್ಲ.

2010ರ ಬೇಸಿಗೆ. ಬಿಸಿಲಿಗೆ ಎಲ್ಲರ ಬೋರ್‌ವೆಲ್ ಮೋಟರ್‌ಗಳೂ ಸುಟ್ಟುಹೋಗುತ್ತಿದ್ದ ಕಾಲ. ನನ್ನ ತಮ್ಮನ ರಿವೈಂಡಿಂಗ್ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ತೋಟ ಒಣಗುತ್ತಿದೆ ಅಂತ ರೈತರು ರಾತ್ರಿಯೆಲ್ಲ ಅಂಗಡಿ ಮುಂದೆಯೇ ಮಲಗುತ್ತಿದ್ದರು. ಅವತ್ತು ಸಂಜೆ ಅವನು ತಾಮ್ರದ ತಂತಿಯ ಸುರುಳಿ ಕಟ್ಟಿಕೊಂಡು ಕೆರೆ ಏರಿ ಮೇಲೆ ಬರುತ್ತಿದ್ದ. ತನ್ನ ಎಡಗಡೆಯಲ್ಲೇ ಇದ್ದ. ಎದುರಿನಿಂದ ಟ್ರ್ಯಾಕ್ಟರ್. ಅದರ ಹಿಂದಿದ್ದ ಕಾರಿನವನು ಕಾಯಲಾರದೆ ಬಲಕ್ಕೆ ತಿರುಗಿಸಿ ಮುಂದೆ ನುಗ್ಗಿದ. ಏರಿ ಮೇಲೆ ಎರಡು ಗಾಡಿಗೇ ಜಾಗ, ಮೂರನೆಯದಕ್ಕೆ ಎಲ್ಲಿದೆ?

ಹೆಲ್ಮೆಟ್ ಅವನ ತಲೆ ಮೇಲಿರಲಿಲ್ಲ, ಟ್ಯಾಂಕಿನ ಮೇಲಿತ್ತು. ಇದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ಅದು ಅವನ ತಪ್ಪು. ಎದೆಗೂಡು, ಸೊಂಟ ಎಲ್ಲ ಮುರಿದಿತ್ತು, ಹೆಲ್ಮೆಟ್ ಇದ್ದರೂ ಕಷ್ಟವಿತ್ತು ಅಂತ ಡಾಕ್ಟರ್ ಹೇಳಿದರು. ಆದರೂ ಆ ಹೆಲ್ಮೆಟ್ ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಅವನ ಮೇಲೆಯೇ.

ಮಾರನೆಯ ದಿನ ಪೇಪರ್‌ನಲ್ಲಿ ನಾಲ್ಕು ಸಾಲು ಬಂತು. 'ಕಾರು ಡಿಕ್ಕಿ: ಬೈಕ್ ಸವಾರ ಸಾವು.' ಕಾರು ತಾನಾಗಿಯೇ ಬಂದು ಗುದ್ದಿದ ಹಾಗೆ. ಒಳಗೆ ಕೂತು ಸ್ಟೇರಿಂಗ್ ತಿರುಗಿಸಿದವನ ಸುದ್ದಿಯೇ ಇಲ್ಲ. ತಿಥಿಗೆ ಬಂದವರ ಬಾಯಲ್ಲೂ ಅದೇ. ಗ್ರಹಚಾರ. ಆಯಸ್ಸು ಅಷ್ಟೇ ಇತ್ತು. ಹಣೆಬರಹಕ್ಕೆ ಹೊಣೆ ಯಾರು. ನಿನ್ನ ಅಜ್ಜಿ ಮಾತ್ರ ಒಪ್ಪಲಿಲ್ಲ. 'ಟ್ರ್ಯಾಕ್ಟರ್ ಹಿಂದೆ ಎರಡು ನಿಮಿಷ ಬರೋಕೆ ಆಗ್ತಿರ್ಲಿಲ್ವಾ ಅವನಿಗೆ?' ಅಂತ ಬಂದವರನ್ನೆಲ್ಲ ಕೇಳುತ್ತಿದ್ದಳು. ಯಾರೂ ಉತ್ತರ ಕೊಡಲಿಲ್ಲ.

ಕೇಸು ನಾಲ್ಕು ವರ್ಷ ನಡೆಯಿತು. ಸರ್ಕಾರದ ಕೇಸು ಅದು, ನಮ್ಮದಲ್ಲ. ನಾನು ಹೆಣ ಗುರುತಿಸಿದ ಸಾಕ್ಷಿ, ಅಷ್ಟೇ. ಆದರೂ ಪ್ರತಿ ತಾರೀಕಿಗೂ ಹೋಗುತ್ತಿದ್ದೆ. ಸ್ಕೂಲಿಗೆ ರಜೆ ಹಾಕಿ, ನಿನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು. ಕೊನೆಗೆ 2014ರಲ್ಲಿ ಕಾರಿನವನು ತಪ್ಪು ಒಪ್ಪಿಕೊಂಡ. ಅವನ ವಕೀಲರು ಎದ್ದು ನಿಂತು ಹೇಳಿದ್ದು ಒಂದೊಂದೂ ನೆನಪಿದೆ. ಮೊದಲ ತಪ್ಪು. ವಯಸ್ಸಾದ ತಂದೆತಾಯಿ, ಚಿಕ್ಕ ಮಗು, ದುಡಿಯುವವನು ಇವನೊಬ್ಬನೇ. ಸತ್ತವನು ಹೆಲ್ಮೆಟ್ ಹಾಕಿರಲಿಲ್ಲ. ಮನೆಯವರಿಗೆ ಪರಿಹಾರವೂ ಸಿಕ್ಕಿದೆ. ನನ್ನ ತಮ್ಮನಿಗೂ ಮಗು ಇತ್ತು, ಅವನೂ ಒಬ್ಬನೇ ದುಡಿಯುವವನು. ಅದನ್ನು ಹೇಳುವುದಕ್ಕೆ ಸರ್ಕಾರದ ಕಡೆಯಿಂದ ಯಾರೂ ಏಳಲಿಲ್ಲ.

ಶಿಕ್ಷೆ ಏನು ಗೊತ್ತಾ? ಎಲ್ಲ ಸೇರಿ ಆರು ಸಾವಿರ ದಂಡ. ಜೊತೆಗೆ ಕೋರ್ಟು ಏಳುವ ತನಕ ಸಜೆ.

ನೀನು ಲಾ ಓದಿದವಳು, ನಿನಗೆ ಆ ಮಾತು ಗೊತ್ತು. ನನಗೆ ಅವತ್ತು ಗೊತ್ತಿರಲಿಲ್ಲ. ಜಡ್ಜು ಸಂಜೆ ಎದ್ದು ಹೋಗುವ ತನಕ ಆರೋಪಿ ಕೋರ್ಟ್ ಹಾಲ್‌ನಲ್ಲೇ ಕೂತಿರಬೇಕು. ಅಷ್ಟೇ ಅವನ ಜೈಲು. ಅವನು ಎಡಗಡೆಯ ಬೆಂಚಿನಲ್ಲಿ ಕೂತ. ನಾನು ಬಲಗಡೆಯ ಬೆಂಚಿನಲ್ಲಿ ಕೂತೆ. ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಅವನು ಎಷ್ಟು ಹೊತ್ತು ಕೂರುತ್ತಾನೋ ಅಷ್ಟು ಹೊತ್ತು ನಾನೂ ಕೂರುತ್ತೇನೆ ಅನ್ನಿಸಿತು. ಚೆಕ್ ಬೌನ್ಸ್ ಕೇಸು, ಜಮೀನು ಜಗಳ, ಜೀವನಾಂಶ, ಒಂದಾದ ಮೇಲೊಂದು ಬಂದವು. ಅವನು ತಲೆ ಎತ್ತಲಿಲ್ಲ. ಕೈ ನಡುಗುತ್ತಿತ್ತು, ನೋಡಿದೆ. ಅಯ್ಯೋ ಅನ್ನಿಸಿತು ಕಣೇ, ಸುಳ್ಳು ಹೇಳಲ್ಲ. ಅವನು ಕೆಟ್ಟವನಾಗಿರಲಿಲ್ಲ. ಐದೂವರೆಗೆ ಕೋರ್ಟು ಎದ್ದಿತು. ಅವನೂ ಎದ್ದ, ಜೇಬಿನಿಂದ ಕಾರಿನ ಬೀಗದ ಕೈ ತೆಗೆದ, ಹೊರಗೆ ಹೋಗಿ ತಾನೇ ಗಾಡಿ ಓಡಿಸಿಕೊಂಡು ಮನೆಗೆ ಹೋದ.

ಆ ಬೀಗದ ಕೈ ನೋಡಿದ್ದೇ ನನ್ನನ್ನು ಇಷ್ಟು ವರ್ಷ ಕಾಡಿದ್ದು. ಮೋಟಾರು ವಾಹನ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಇಂಥವರ ಲೈಸೆನ್ಸ್ ತಡೆಹಿಡಿಯುವ ಅಧಿಕಾರ ಕೋರ್ಟಿಗೆ ಇದೆ ಅಂತ ಎಷ್ಟೋ ವರ್ಷ ಆದಮೇಲೆ ನಿನ್ನ ಪುಸ್ತಕದಲ್ಲೇ ಓದಿದೆ. ಅವತ್ತು ಅದನ್ನು ಕೇಳಿದವರು ಯಾರೂ ಇಲ್ಲ.

ಹೌದು, ನೀನು ರಜೆಗೆ ಬಂದಾಗ ಮಲಗಿದ ಮೇಲೆ ನಿನ್ನ ಪುಸ್ತಕಗಳನ್ನು ಓದುತ್ತಿದ್ದೆ. ನಮಗೆ ಆಗಿದ್ದು ಯಾಕೆ ಆಯಿತು ಅಂತ ತಿಳಿಯಬೇಕಿತ್ತು. ಐಪಿಸಿಗೆ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಗೆ, 304ಎ ಸೆಕ್ಷನ್ ಸೇರಿಸಿದ್ದು 1870ರಲ್ಲಿ ಅಂತೆ. ಆಗ ರಸ್ತೆಯಲ್ಲಿ ಇದ್ದದ್ದು ಎತ್ತಿನ ಗಾಡಿ, ಕುದುರೆ ಗಾಡಿ. ಅಜಾಗರೂಕತೆಯಿಂದ ಸಾವು ತಂದರೆ ಹೆಚ್ಚೆಂದರೆ 2 ವರ್ಷ, ಇಲ್ಲವೇ ಬರೀ ದಂಡ. ಕಾರು ಬಂತು, ಹೆದ್ದಾರಿ ಬಂತು, ಆ ಸಾಲು ಮಾತ್ರ 2024ರ ತನಕ ಹಾಗೇ ಉಳಿಯಿತು.

ನಮ್ಮ ಕರ್ನಾಟಕದ್ದೇ ಒಂದು ಕೇಸು ಓದಿದೆ. ಒಬ್ಬರು ಸತ್ತ ಅಪಘಾತಕ್ಕೆ 304ಎ ಅಡಿ ಕೆಳಗಿನ ಕೋರ್ಟು ಹಾಕಿದ ದಂಡ 250 ರೂಪಾಯಿ. 1987ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ನ್ಯಾಯದ ಅಣಕ ಅಂತ ಕರೆದು, ಆರು ತಿಂಗಳ ಸಜೆ ಮತ್ತು ಸಾವಿರ ರೂಪಾಯಿ ದಂಡಕ್ಕೆ ಏರಿಸಿತು. ಓದಿ ಅತ್ತುಬಿಟ್ಟೆ. ಅಷ್ಟು ಹಿಂದೆಯೇ ಹೇಳಿಯಾಗಿತ್ತಲ್ಲ, ಮತ್ತೆ ನಮಗೆ ಯಾಕೆ ಹೀಗಾಯಿತು?

ಪಂಜಾಬಿನ ಸೌರಭ್ ಬಕ್ಷಿ ಕೇಸು ನಿನಗೆ ಗೊತ್ತಿರಬೇಕು. 2007ರಲ್ಲಿ ಪಟಿಯಾಲಾಕ್ಕೆ ಹೋಗುತ್ತಿದ್ದ ಬೈಕಿಗೆ ಕಾರು ಗುದ್ದಿ ಮಾವ, ಸೋದರಳಿಯ ಇಬ್ಬರೂ ಸತ್ತರು. ಕಾರು ಓಡಿಸಿದ ಬಕ್ಷಿಗೆ ಕೆಳಗಿನ ಕೋರ್ಟು ಕೊಟ್ಟದ್ದು ಒಂದು ವರ್ಷ ಸಜೆ. ಹೈಕೋರ್ಟು ಅದನ್ನು ಅವನು ಆಗಲೇ ಕಳೆದಿದ್ದ 24 ದಿನಕ್ಕೆ ಇಳಿಸಿತು. ಕಾರಣ, ಪರಿಹಾರದ ದುಡ್ಡು ಕೊಟ್ಟಾಗಿದೆ ಅಂತ. ನಮ್ಮ ಕೇಸು ಮುಗಿದ ಮರುವರ್ಷ, 2015ರಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಆರು ತಿಂಗಳಿಗೆ ಏರಿಸಿ, ಈ ಸೆಕ್ಷನ್‌ನ ಶಿಕ್ಷೆಯನ್ನು ಮತ್ತೆ ನೋಡಿ ಅಂತ ಕಾನೂನು ಮಾಡುವವರಿಗೆ ಹೇಳಿತು. ಎರಡು ಜೀವಕ್ಕೆ ಆರು ತಿಂಗಳು. ಅದನ್ನೇ ಕಠಿಣ ತೀರ್ಪು ಅನ್ನಬೇಕಾಯಿತು ನೋಡು.

ಆ 'ಪರಿಹಾರ' ಅನ್ನೋ ಮಾತಿನ ಬಗ್ಗೆ ನಿನಗೆ ಹೇಳಲೇಬೇಕು. ನಿನ್ನ ಮಾವನ ಜೀವಕ್ಕೆ ಲೆಕ್ಕ ಹಾಕಿದ ಕಾಗದ ಇವತ್ತಿಗೂ ಬೀರುವಿನಲ್ಲಿದೆ. ತಿಂಗಳಿಗೆ 6,000 ಸಂಪಾದನೆ ಅಂತ ಹಿಡಿದರು. ವರ್ಷಕ್ಕೆ 72,000. ಅವನೇ ಬದುಕಿದ್ದರೆ ಮೂರನೇ ಒಂದು ಪಾಲು ತನಗೆ ಖರ್ಚು ಮಾಡುತ್ತಿದ್ದ ಅಂತ ಕಳೆದರು. ಉಳಿದದ್ದು 48,000. ಅವನ ವಯಸ್ಸು 33, ಆ ವಯಸ್ಸಿಗೆ 16ರಿಂದ ಗುಣಿಸಬೇಕು. 7,68,000. ಮೇಲೆ ಅಂತ್ಯಕ್ರಿಯೆಗೆ ಅಂತ ಒಂದಿಷ್ಟು. ಈ ಲೆಕ್ಕದಲ್ಲಿ ಮೋಸ ಇಲ್ಲ, 2009ರಲ್ಲಿ ಸುಪ್ರೀಂ ಕೋರ್ಟೇ ಹಾಕಿಕೊಟ್ಟ ಪಟ್ಟಿ ಅದು. ಆ ದುಡ್ಡಿನಲ್ಲೇ ನಿನ್ನ ಅತ್ತೆ ಮನೆ ನಡೆಸಿದಳು, ಮಗುವನ್ನು ಓದಿಸಿದಳು. ಆದರೆ ಆ ದುಡ್ಡು ಕೊಟ್ಟದ್ದು ಇನ್ಶುರೆನ್ಸ್ ಕಂಪನಿ. ಕಾರಿನವನು ಕಟ್ಟಿದ್ದು ವರ್ಷದ ಪ್ರೀಮಿಯಂ. ಎಲ್ಲರೂ ಕಟ್ಟಲೇಬೇಕಾದದ್ದು, ನಾವು ನಮ್ಮ ಸ್ಕೂಟರಿಗೆ ಕಟ್ಟುತ್ತೇವಲ್ಲ, ಅದೇ. ತನ್ನ ಜೇಬಿನಿಂದ ಬಾರದ ದುಡ್ಡನ್ನು ತೋರಿಸಿ ಶಿಕ್ಷೆ ಕಡಿಮೆ ಮಾಡಿ ಅಂತ ಕೇಳುವುದು ಹೇಗೆ ಸರಿ?

ಶಿಕ್ಷೆ ಸಾಲದು ಅಂತ ಮೇಲಿನ ಕೋರ್ಟಿಗೆ ಹೋಗೋಣ ಅಂತ ನಿನ್ನ ಅಪ್ಪ ಹೊರಟಿದ್ದರು. ಹೋಗಲು ಬರುವುದಿಲ್ಲ ಅಂತ ವಕೀಲರು ಹೇಳಿದರು. ಆರೋಪಿಯನ್ನು ಬಿಟ್ಟುಬಿಟ್ಟರೆ ಮನೆಯವರು ಮೇಲ್ಮನವಿ ಹಾಕಬಹುದು. ಪರಿಹಾರ ಕಡಿಮೆ ಆದರೆ ಹಾಕಬಹುದು. ಶಿಕ್ಷೆ ಕಡಿಮೆ ಆಯಿತು ಅಂತ ಮಾತ್ರ ಹಾಕುವಂತಿಲ್ಲ. ಅದನ್ನು ಸರ್ಕಾರವೇ ಮಾಡಬೇಕು. ಸರ್ಕಾರ ಮಾಡಲಿಲ್ಲ.

ಈಗ ನಿನ್ನ ಕೇಸು ಐಪಿಸಿ ಬದಲು ಬಂದ ಹೊಸ ಕಾನೂನಿನದ್ದು, ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್. 2 ವರ್ಷ ಇದ್ದದ್ದು 5 ವರ್ಷ ಆಗಿದೆ. ಬರೀ ದಂಡ ಕಟ್ಟಿ ಹೋಗುವ ಬಾಗಿಲು ಮುಚ್ಚಿದೆ. ಓದಿ ಸಮಾಧಾನ ಆಯಿತು, ಆದರೆ ಪೂರ್ತಿ ಅಲ್ಲ. ಕನಿಷ್ಠ ಎಷ್ಟು ಅಂತ ಅಲ್ಲಿ ಬರೆದಿಲ್ಲ. ಕೋರ್ಟು ಏಳುವ ತನಕ ಕೂರಿಸಿದರೂ ಅದೂ ಸಜೆಯೇ, ಅಲ್ವಾ? ಗುದ್ದಿ, ಪೊಲೀಸರಿಗೂ ಹೇಳದೆ ಓಡಿಹೋದರೆ 10 ವರ್ಷ ಅಂತ ಬರೆದ ಭಾಗವನ್ನಂತೂ 2024ರ ಜನವರಿಯ ಲಾರಿ ಚಾಲಕರ ಮುಷ್ಕರದ ನಂತರ ಜಾರಿಗೆ ತರದೆ ಬಿಟ್ಟರು. ಲಾರಿ ಚಾಲಕರ ಭಯ ನನಗೆ ಅರ್ಥವಾಗುತ್ತದೆ. ನಿದ್ದೆ ಇಲ್ಲದೆ ಓಡಿಸುವವರು ಅವರು, ನಿಂತರೆ ಜನ ಹೊಡೆದು ಸಾಯಿಸುತ್ತಾರೆ ಅನ್ನುವುದೂ ಸುಳ್ಳಲ್ಲ. ಆದರೆ ರಸ್ತೆಯಲ್ಲಿ ಬಿದ್ದು ರಕ್ತ ಸೋರಿ ಸಾಯುವವನಿಗೆ ಆ ಭಯದಿಂದ ಏನು ಸಿಕ್ಕಿತು?

ಪುಣೆಯದ್ದು ನೆನಪಿದೆಯಾ? ಅದೇ ವರ್ಷ ಮೇ ತಿಂಗಳು, ಕಲ್ಯಾಣಿನಗರ. ಹದಿನೇಳರ ಹುಡುಗ ಓಡಿಸುತ್ತಿದ್ದ ಪೋರ್ಷೆ ಬೈಕಿಗೆ ಗುದ್ದಿ ಇಬ್ಬರು ಎಂಜಿನಿಯರ್‌ಗಳು ಸತ್ತರು. ಇಬ್ಬರಿಗೂ 24. ಒಂದು ದಿನ ಕಳೆಯುವ ಮುಂಚೆ ಜಾಮೀನು, ಷರತ್ತಿನಲ್ಲಿ 300 ಪದಗಳ ಪ್ರಬಂಧ. ದೇಶವೇ ಕೂಗಿದ ಮೇಲೆ ಅದು ಬದಲಾಯಿತು. ರಕ್ತದ ಸ್ಯಾಂಪಲ್ ಬದಲಿಸಿದ ಆರೋಪದಲ್ಲಿ ವೈದ್ಯರ ಬಂಧನವೂ ಆಯಿತು. ಅವತ್ತು ರಾತ್ರಿ ನಿನಗೆ ಸುಮ್ನೆ ಫೋನ್ ಮಾಡಿ 'ಊಟ ಆಯ್ತಾ' ಅಂತ ಕೇಳಿದ್ದೆ. ಸತ್ತ ಇಬ್ಬರಲ್ಲಿ ಒಬ್ಬಳಾದ ಆ ಹುಡುಗಿಗೂ ಊರಲ್ಲಿ ಒಬ್ಬ ಅಮ್ಮ ಇದ್ದಾಳೆ ಅಂತ ಯೋಚಿಸುತ್ತಿದ್ದೆ. ಆದರೆ ದೇಶ ಕೂಗುವುದು ಎಷ್ಟು ಕೇಸಿಗೆ? 2022 ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 74,897 ಜನ ಬೈಕು, ಸ್ಕೂಟರಿನವರು. ದಿನಕ್ಕೆ ಇನ್ನೂರಕ್ಕೂ ಜಾಸ್ತಿ. ಎಲ್ಲರನ್ನೂ ಬೇರೆಯವರೇ ಕೊಂದರು ಅಂತಲ್ಲ. ಆದರೆ ಪೋರ್ಷೆ ಇಲ್ಲದ, ಕ್ಯಾಮೆರಾ ಇಲ್ಲದ ಕೆರೆ ಏರಿಗಳು ಇದರಲ್ಲಿ ಎಷ್ಟಿರಬಹುದು?

ಕಾರಿನವನಿಗೆ ಹತ್ತು ವರ್ಷ ಜೈಲಾಗಲಿ ಅಂತ ನಾನು ಯಾವತ್ತೂ ಕೇಳಿಲ್ಲ. ಅವನ ಮಗು ಅಪ್ಪನಿಲ್ಲದೆ ಬೆಳೆದಿದ್ದರೆ ನನ್ನ ತಮ್ಮನ ಮಗುವಿಗೆ ಅಪ್ಪ ಸಿಗುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು, 'ಇದು ಗ್ರಹಚಾರ ಅಲ್ಲ, ನೀನು ಮಾಡಿದ್ದು' ಅಂತ ಕೋರ್ಟಿನಲ್ಲಿ ಗಟ್ಟಿಯಾಗಿ ಒಬ್ಬರು ಹೇಳುವುದು. ಕೆಲವು ತಿಂಗಳಾದರೂ ನಿಜವಾದ ಸಜೆ. ಮತ್ತೆ ಆ ಬೀಗದ ಕೈ ಅವನ ಜೇಬಿನಲ್ಲಿ ಇರದೇ ಇರುವುದು. ಅಜ್ಜಿಯ ಪ್ರಶ್ನೆಗೆ ಅಷ್ಟಾದರೂ ಉತ್ತರ ಸಿಗಬೇಕಿತ್ತು.

ನೀನು ನಿನ್ನ ಕಕ್ಷಿದಾರನಿಗಾಗಿ ವಾದ ಮಾಡು. ಪೊಲೀಸರು ಪಂಚನಾಮೆ ತಪ್ಪಾಗಿ ಬರೆದಿದ್ದರೆ ಹಿಡಿ. ಅವನು ನಿಂತು ಆಂಬುಲೆನ್ಸ್ ಕರೆದಿದ್ದರೆ, ಆಸ್ಪತ್ರೆ ತನಕ ಹೋಗಿದ್ದರೆ ಅದನ್ನು ಹೇಳು. ಅದು ದೊಡ್ಡ ವಿಷಯ. ಅವನ ಮನೆಯ ಕಷ್ಟವನ್ನೂ ಹೇಳು. ಆದರೆ ದುಡ್ಡು ಸಿಕ್ಕಿದೆ, ಇನ್ನು ಬಿಟ್ಟುಬಿಡಿ ಅಂತ ಮಾತ್ರ ಹೇಳಬೇಡ ಪುಟ್ಟಿ. ಸೀನಿಯರ್ ಬರೆದುಕೊಟ್ಟರೂ ಆ ಸಾಲು ಬೇಡ ಅಂತ ಅವರ ಹತ್ತಿರ ಜಗಳ ಮಾಡು. ಸತ್ತ ಹುಡುಗನ ಹೆಸರನ್ನು ಸರಿಯಾಗಿ ಉಚ್ಚರಿಸು. ನಮ್ಮ ಕೇಸಿನಲ್ಲಿ ನಾಲ್ಕು ವರ್ಷವೂ ನನ್ನ ತಮ್ಮ ಬರೀ 'ಮೃತ' ಆಗಿದ್ದ.

ಕೇಸಿನ ತಾರೀಕು ಯಾವತ್ತು ಅಂತ ಮೆಸೇಜ್ ಹಾಕು. ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ನಿನಗೆ ಊಟದ ಡಬ್ಬಿ ತರುತ್ತೇನೆ. ಕೋರ್ಟಿನಲ್ಲಿ ನಿನ್ನ ಹಿಂದೆ ಕೂರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಆ ಹುಡುಗನ ಮನೆಯಿಂದ ಯಾರಾದರೂ ಬಂದಿದ್ದರೆ, ಅವರ ಬೆಂಚಿನಲ್ಲಿ ಕೂತಿರುತ್ತೇನೆ.

ನಿನ್ನ
ಅಮ್ಮ