ನ್ಯಾನೊ ಪುಡಿಗೆ ಪಾವಗಡದ ನೀರಿನಲ್ಲೇ ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಸಾವಯವ ಸಂಶ್ಲೇಷಣೆ (ಇಂಗಾಲದ ಸಂಯುಕ್ತಗಳ ತಯಾರಿಕೆ) ಮತ್ತು ನ್ಯಾನೊ ವಸ್ತುಗಳಲ್ಲಿ (ಅತಿ ಸೂಕ್ಷ್ಮ ಕಣಗಳ ವಸ್ತುಗಳಲ್ಲಿ) ಸಂಶೋಧನೆ ನಡೆಸುತ್ತಿರುವ ನಮ್ಮ ಜಿಲ್ಲೆಯ ರಸಾಯನ ವಿಜ್ಞಾನಿಯೊಬ್ಬರ ಕುರಿತ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿ ಸಂತೋಷವಾಯಿತು. ಅವರು ಪ್ರಕಟಿಸಿದ ಪ್ರಬಂಧಗಳ ಲೆಕ್ಕ ವರದಿಯಲ್ಲಿತ್ತು; ಆದರೆ ಆ ಕೆಲಸ ಎಂಥದ್ದು, ಕೊಳವೆಬಾವಿಯ ಫ್ಲೋರೈಡ್ ನೀರಿನಿಂದ ಬಳಲುವ ಪಾವಗಡ, ಶಿರಾ ಕಡೆಯ ಜನರಿಗೆ ಅದು ಹೇಗೆ ಒದಗೀತು ಎಂಬ ಮಾತು ಬರಲಿಲ್ಲ.

ಇಂಥ ಪುಡಿ ತಯಾರಿಸುವ ಒಂದು ಬಗೆ ಹೇಳುತ್ತೇನೆ. ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾವನ್ನು ತುಸು ನೀರಿನಲ್ಲಿ ಕರಗಿಸಿ, ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಕುಲುಮೆಯಲ್ಲಿಟ್ಟರೆ, ದ್ರಾವಣ ಕುದಿದು, ನೊರೆಯೆದ್ದು, ಒಮ್ಮೆಲೇ ಹೊತ್ತಿಕೊಂಡು, ಕೆಲವೇ ನಿಮಿಷಗಳಲ್ಲಿ ಪಾತ್ರೆಯ ತುಂಬ ಕಡ್ಲೆಪುರಿಯಷ್ಟು ಹಗುರವಾದ ಬಿಳಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಉಬ್ಬಿ ನಿಲ್ಲುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಸಿ. ಪಾಟೀಲರು ತಮ್ಮ ಸಹೋದ್ಯೋಗಿಯೊಂದಿಗೆ 1988ರಲ್ಲಿ ಪ್ರಕಟಿಸಿದ ಈ ದಹನ ವಿಧಾನವನ್ನು ಇಂದು ಅನೇಕ ಪ್ರಯೋಗಾಲಯಗಳು ಅನುಸರಿಸುತ್ತವೆ. ರಾಗಿ ಹೊಲಕ್ಕೆ ಎರಚುವ ಯೂರಿಯಾವೇ ಇಲ್ಲಿ ಇಂಧನ! ಹೀಗೆ ಪಡೆದ ಲೋಹದ ಆಕ್ಸೈಡ್ ಪುಡಿಗಳಲ್ಲಿ ಕೆಲವು ಸಾವಯವ ಸಂಶ್ಲೇಷಣೆಯಲ್ಲಿ ವೇಗವರ್ಧಕಗಳಾಗಿಯೂ, ಅಂದರೆ ತಾವು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುಗಳಾಗಿಯೂ, ಒದಗುತ್ತವೆ. ಕ್ರಿಯೆ ಮುಗಿದ ಮೇಲೆ ಸೋಸಿ, ತೊಳೆದು ಮತ್ತೆ ಬಳಸಬಹುದು.

ನಾನು ಹೇಳಬೇಕೆಂದಿರುವುದು ನೀರಿನ ವಿಷಯ. ಅಲ್ಯೂಮಿನಾದ ಇನ್ನೊಂದು ರೂಪವಾದ ಆಕ್ಟಿವೇಟೆಡ್ ಅಲ್ಯೂಮಿನಾ (ತುಂಬ ರಂಧ್ರಗಳಿರುವ ಅಲ್ಯೂಮಿನಾ) ನೀರಿನಲ್ಲಿರುವ ಫ್ಲೋರೈಡನ್ನು ಹಿಡಿದಿಡುತ್ತದೆ ಎಂಬುದು ಬಹಳ ಕಾಲದಿಂದ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಗ್ರಾನೈಟ್ ಶಿಲೆಯಿಂದ ಫ್ಲೋರೈಡ್ ಕರಗಿ ಬರುವ ನಮ್ಮ ಆಳದ ಕೊಳವೆಬಾವಿಗಳಲ್ಲಿ ಈ ಮಿತಿ ದಾಟುವುದು ಹೊಸದಲ್ಲ. ಪಾವಗಡದ ಕಡೆ ಮಕ್ಕಳ ಹಲ್ಲಿನ ಮೇಲೆ ಹೆಚ್ಚಿನ ಫ್ಲೋರೈಡ್ ಮೂಡಿಸಿದ ಕಂದು ಗೆರೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫ್ಲೋರೈಡ್ ತೆಗೆಯಲೆಂದು ತಾನು ತಯಾರಿಸಿದ ಇಂಥ ಅಲ್ಯೂಮಿನಾ ಪುಡಿಯ ಫಲಿತಾಂಶವನ್ನು ಉತ್ಸಾಹದಿಂದ ತೋರಿಸಿದ್ದ. ಭಟ್ಟಿ ಇಳಿಸಿದ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ ಮಾಡಿದ ಪ್ರಯೋಗ ಅದು. ಫ್ಲೋರೈಡ್ ಬಹುಪಾಲು ಇಳಿದಿತ್ತು. ಪಾವಗಡ ತಾಲ್ಲೂಕಿನ ನಮ್ಮ ನೆಂಟರ ಊರಿನ ಕೊಳವೆಬಾವಿಯಿಂದ ಎರಡು ಕ್ಯಾನ್ ನೀರು ತರಿಸಿಕೊಟ್ಟೆ. ಅದೇ ಪುಡಿ ಆ ನೀರಿನಲ್ಲಿ ಸೋತಿತು. ಕಾರಣ ಗುಟ್ಟಿನದ್ದೇನಲ್ಲ: ಆ ನೀರಿನ ತುಂಬ ಬೈಕಾರ್ಬೊನೇಟ್ (ಅಡುಗೆ ಸೋಡಾದಲ್ಲಿರುವಂಥ ಕ್ಷಾರೀಯ ಲವಣಾಂಶ) ಇರುತ್ತದೆ, ಅದು ಅಲ್ಯೂಮಿನಾದ ಮೇಲ್ಮೈಯಲ್ಲಿ ಫ್ಲೋರೈಡಿನ ಜಾಗವನ್ನು ತಾನೇ ಹಿಡಿಯುತ್ತದೆ, ನೀರು ಕ್ಷಾರೀಯವಾಗಿದ್ದಷ್ಟೂ ಪುಡಿಯ ಹಿಡಿತ ಸಡಿಲ. ಆ ಹುಡುಗನ ಪ್ರಬಂಧದಲ್ಲಿ ಎರಡನೆಯ ಫಲಿತಾಂಶಕ್ಕೆ ಜಾಗ ಸಿಗಲಿಲ್ಲ. ನನಗೆ ಇಂದಿಗೂ ನೋವಿರುವುದು ಅದಕ್ಕೇ, ಏಕೆಂದರೆ ಊರಿಗೆ ಬೇಕಾಗಿದ್ದುದು ಆ ಎರಡನೆಯ ಫಲಿತಾಂಶವೇ.

ಆದ್ದರಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸಂಶೋಧಕರಲ್ಲಿ ನನ್ನ ಕೋರಿಕೆ ಇಷ್ಟೇ: ನೀರು ಶುದ್ಧೀಕರಣಕ್ಕೆಂದು ಮಾಡುವ ಪ್ರತಿ ನ್ಯಾನೊ ವಸ್ತುವನ್ನೂ ನಮ್ಮ ಕೊಳವೆಬಾವಿಗಳ ನೀರಿನಲ್ಲಿ, ಬೇಸಿಗೆಯಲ್ಲೊಮ್ಮೆ ಮಳೆಗಾಲ ಕಳೆದ ಮೇಲೊಮ್ಮೆ, ಪರೀಕ್ಷಿಸಬೇಕು. ನಯವಾದ ಪುಡಿ ಫಿಲ್ಟರ್‌ನಿಂದ ನುಸುಳಿ ಲೋಟಕ್ಕೆ ಬರುವುದೇ, ಅಲ್ಯೂಮಿನಿಯಂ ನೀರಿಗೆ ಬಿಡುವುದೇ, ಎಷ್ಟು ಸಲ ಮರುಬಳಕೆ ಸಾಧ್ಯ ಎಂಬುದನ್ನೂ ತಿಳಿಸಬೇಕು. ಗೆದ್ದ ಫಲಿತಾಂಶದಂತೆ ಸೋತದ್ದೂ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೆ ತಲುಪಲಿ. ವಿಶ್ವವಿದ್ಯಾಲಯಗಳು ಪಿಎಚ್‌.ಡಿ. ಮೌಲ್ಯಮಾಪನದಲ್ಲಿ ಇದಕ್ಕೆ ಮನ್ನಣೆ ಕೊಟ್ಟರೆ ವಿದ್ಯಾರ್ಥಿಗಳು ಹಿಂಜರಿಯುವುದಿಲ್ಲ.

ನಿಮ್ಮ ವರದಿಯಲ್ಲಿದ್ದ ವಿಜ್ಞಾನಿ ಒಪ್ಪುವುದಾದರೆ, ಪಾವಗಡದಿಂದ ನೀರು ತುಂಬಿಸಿ ಅವರ ಪ್ರಯೋಗಾಲಯಕ್ಕೆ ತಲುಪಿಸುವ ಕೆಲಸ ನನಗಿರಲಿ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ತುಮಕೂರು