ಮಂಗ ನೋಡಲು ಕಲಿಸಿದವರಿಗೆಲ್ಲ ಧನ್ಯವಾದ

ನಮ್ಮ ಒಂಬತ್ತನೇ ಕ್ಲಾಸಿನವರು ಮಂಗಗಳನ್ನು ನೋಡಿ ಬರೆದ ನೋಟ್‌ಬುಕ್ ಕೊನೆಗೂ ಮುಗಿಯಿತು. ಮೊನ್ನೆ ಚಾರ್ಟುಗಳನ್ನು ಶಾಲೆಯ ಜಗುಲಿಯಲ್ಲಿ ತೂಗುಹಾಕಿದೆವು. ಊರಿನವರು ಬಂದು ನೋಡಿ, ಮಕ್ಕಳ ಜೊತೆ ವಾದವನ್ನೂ ಮಾಡಿ ಹೋದರು. ಸಾಗರದ ಕಡೆ, ಅಡಿಕೆ ತೋಟಗಳ ಮಧ್ಯದ ಶಾಲೆ ನಮ್ಮದು. ಇಲ್ಲಿ ಮಂಗ ಅಂದರೆ ಓಡಿಸುವ ಪ್ರಾಣಿ. ಕೂತು ನೋಡುವುದು ಯಾರಿಗೂ ರೂಢಿಯಿಲ್ಲ.

ಮೊದಲ ಥ್ಯಾಂಕ್ಸ್, ಶರಾವತಿ ಕಣಿವೆಯ ಸಿಂಗಳೀಕಗಳ ಹಿಂದೆ ಅಲೆಯುವ ಆ ಸಂಶೋಧಕಿಗೆ. ಒಂದು ಶನಿವಾರ ಬಂದು ಮಕ್ಕಳಿಗೆ ನೋಡುವ ಕ್ರಮ ಹೇಳಿಕೊಟ್ಟರು. ಹತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ, ಕಂಡ ಪ್ರತಿ ಮಂಗ ಆಗ ಏನು ಮಾಡುತ್ತಿದೆಯೋ ಅಷ್ಟನ್ನೇ ಬರೆಯಬೇಕು. ಇಲ್ಲದಿದ್ದರೆ ಜಗಳ ಆಡಿದ್ದು ಮಾತ್ರ ಕಣ್ಣಿಗೆ ಬೀಳುತ್ತದೆ, ಸುಮ್ನೆ ಕೂತಿದ್ದು ಲೆಕ್ಕಕ್ಕೇ ಬರಲ್ಲ. 1974ರಲ್ಲಿ ಅಮೆರಿಕದ ವಿಜ್ಞಾನಿ ಜೀನ್ ಆಲ್ಟ್‌ಮನ್ ಇಂಥ ವಿಧಾನಗಳನ್ನೆಲ್ಲ ತೂಗಿ ನೋಡಿ ಬರೆದ ಲೇಖನವನ್ನು ಸಂಶೋಧಕರು ಈಗಲೂ ಅನುಸರಿಸುತ್ತಾರಂತೆ.

ಒಬ್ಬ ಹುಡುಗ 'ಸಣ್ಣ ಮಂಗ ದೊಡ್ಡದನ್ನು ನೋಡಿ ನಕ್ಕಿತು' ಎಂದು ಬರೆದಿದ್ದ. "ಹಲ್ಲು ಕಿಸಿಯಿತು ಅಂತ ಬರಿ, ಆಮೇಲೆ ಏನಾಯ್ತು ನೋಡು" ಎಂದರು ಸಂಶೋಧಕಿ. ನೋಡುತ್ತಾ ಹೋದ ಹಾಗೆ ಹಲ್ಲು ಕಿಸಿದದ್ದೇ ಹೆಚ್ಚಾಗಿ ಜಾಗ ಬಿಟ್ಟು ಸರಿಯುತ್ತಿತ್ತು. ಅದು ನಗು ಅಲ್ಲ, ನಿನ್ನ ತಂಟೆಗೆ ಬರಲ್ಲ ಎನ್ನುವ ಸೂಚನೆ. ನಾನು ಬೋರ್ಡಿನ ಮೇಲೆ ಬರೆಸಿದ್ದರೆ ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತಿದ್ದರು.

1960ರ ದಶಕದಲ್ಲಿ ಜಪಾನಿನ ಸಂಶೋಧಕ ಯುಕಿಮಾರು ಸುಗಿಯಾಮ ನಮ್ಮ ಧಾರವಾಡಕ್ಕೆ ಬಂದು ಕಪ್ಪು ಮೋರೆಯ ಮುಸಿಯಗಳನ್ನು ನೋಡಿದ ಕಥೆಯನ್ನೂ ಆ ಸಂಶೋಧಕಿಯೇ ಹೇಳಿದ್ದು. ಹೊಸ ಗಂಡು ಗುಂಪನ್ನು ಹಿಡಿದಾಗ ಹಾಲು ಕುಡಿಯುವ ಮರಿಗಳನ್ನು ಕೊಂದದ್ದನ್ನು ಸುಗಿಯಾಮ ದಾಖಲಿಸಿದ್ದರು. "ಯಾಕೆ ಮೇಡಂ?" ಎಂಬ ಪ್ರಶ್ನೆಗೇ ಎರಡು ಪೀರಿಯಡ್ ಹೋಯಿತು. ಮರಿ ಹೋದರೆ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ ಎಂಬ ವಿವರಣೆ ಹುಡುಗಿಯರಿಗೆ ಸ್ವಲ್ಪವೂ ಹಿಡಿಸಲಿಲ್ಲ. ಹಿಡಿಸಬೇಕಾಗಿಯೂ ಇಲ್ಲ, ಅಲ್ವಾ?

ನಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕನಿಗೆ ದೊಡ್ಡ ನಮಸ್ಕಾರ. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ, ಕಾಯಿಲೆ ಹರಡುವ ಉಣುಗು ಇಳಿದು ಸುತ್ತಲೂ ಹರಡುತ್ತದೆ. ಹತ್ತಿರ ಹೋಗದೆ ದೊಡ್ಡವರಿಗೆ ತಿಳಿಸಬೇಕು ಎಂದು ಅಕ್ಕ ಮಕ್ಕಳಿಂದಲೇ ಹೇಳಿಸಿದರು. ಕಾಯಿಲೆಯ ಕಾಲದಲ್ಲಿ ಕಾಡಿನ ಅಂಚಿಗೂ ಹೋಗದೆ ಜಗುಲಿಯಿಂದಲೇ ನೋಡಿದೆವು. ಅಪ್ಪ ಅಮ್ಮಂದಿರು ಒಪ್ಪಿದ್ದು ಅಕ್ಕನ ಮಾತಿನ ಮೇಲೆ.

ಪಕ್ಕದ ತೋಟದ ಯಜಮಾನರು ಒಂದೇ ಷರತ್ತು ಹಾಕಿದ್ದರು: "ಬರೆಯೋದಾದ್ರೆ ನನ್ನ ನಷ್ಟಾನೂ ಬರೀರಿ." ಅದಕ್ಕೇ ನಮ್ಮ ಪಟ್ಟಿಯಲ್ಲಿ ಚೀಪಿ ಬಿಸಾಡಿದ ಎಳೆ ಅಡಿಕೆಗೂ ಒಂದು ಕಾಲಂ ಇದೆ. ಆ ಕಾಲಂ ಬಿಟ್ಟು ಮಲೆನಾಡಿನಲ್ಲಿ ವನ್ಯಜೀವಿ ಪಾಠ ಮಾಡಿದರೆ ಯಾರೂ ನಂಬಲ್ಲ. ಗ್ರಾಫ್ ಬರೆಸಿದ ಗಣಿತದ ಮೇಷ್ಟ್ರಿಗೂ, ಮಂಗಗಳಿಗೆ ಅನ್ನ ಸಿಗದ ಹಾಗೆ ಪಾತ್ರೆ ಕಾದ ಬಿಸಿಯೂಟದ ಅಕ್ಕಂದಿರಿಗೂ ವಂದನೆ.

ಜೂನ್‌ನಲ್ಲಿ ಹೊಸ ತಂಡ ಬರುತ್ತದೆ. ಯಾರ ಮನೆಯ ಅಟ್ಟದಲ್ಲಾದರೂ ಹಳೇ ದುರ್ಬೀನು ಇದ್ದರೆ ದಯವಿಟ್ಟು ಹೇಳಿ, ಮಕ್ಕಳನ್ನೇ ಕಳಿಸುತ್ತೇನೆ.