ಗೆಳೆಯನಿಗೊಂದು ಪತ್ರ: ಬೆಳಗಿನ ತಿಂಡಿಯನ್ನು ಬಿಡಬೇಡ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಕಳುಹಿಸಿದ ಸಂದೇಶವನ್ನು ಬೆಳಿಗ್ಗೆ ಎದ್ದ ಕೂಡಲೇ ಓದಿದೆ. ‘ತೂಕ 95 ಆಗಿದೆ. ಇನ್ನು ಮೂರು ದಿನ ಏನೂ ತಿನ್ನುವುದಿಲ್ಲ’ ಎಂಬ ಎರಡೇ ಸಾಲು. ಫೋನು ಮಾಡಿದರೆ ನೀನು ಮಕ್ಕಳ ಶಾಲೆಯ ವಿಷಯಕ್ಕೋ ಮಳೆಯ ವಿಷಯಕ್ಕೋ ಮಾತು ತಿರುಗಿಸುತ್ತೀ ಎಂಬುದು ಇಷ್ಟು ವರ್ಷದಲ್ಲಿ ನನಗೆ ಚೆನ್ನಾಗಿ ಗೊತ್ತಾಗಿದೆ. ಆದ್ದರಿಂದ ಕುಳಿತು ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದು, ಅದಕ್ಕೂ ಮೊದಲು ಏನಾದರೂ ಸ್ವಲ್ಪ ತಿಂದು ಬಾ.

ಮೊದಲು ಆ 95ರ ಲೆಕ್ಕವನ್ನು ನೋಡೋಣ. ಐದು ವರ್ಷದ ಹಿಂದೆ ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಸರ್ಜರಿಗೆ ಹೋದಾಗ ನಿನ್ನ ತೂಕ 130 ಕಿಲೋ ಇತ್ತು. ಒಂದೂವರೆ ವರ್ಷದಲ್ಲಿ 86ಕ್ಕೆ ಇಳಿಯಿತು. ಈಗ ನಿನ್ನ ಕಣ್ಣಿಗೆ ಕಾಣುವುದು ಮರಳಿ ಬಂದ 9 ಕಿಲೋ ಮಾತ್ರ; ಹೋದ 35 ಕಿಲೋ, ಅಂದರೆ ಮೊದಲಿನ ತೂಕದ ನೂರಕ್ಕೆ 27ರಷ್ಟು, ಲೆಕ್ಕಕ್ಕೇ ಬರುತ್ತಿಲ್ಲ. ಸ್ವೀಡನ್ನಿನಲ್ಲಿ 1987ರಿಂದ ಆರಂಭಿಸಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನವಿದೆ. ಅದರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ನೂರಕ್ಕೆ 32ರಷ್ಟು ಇಳಿದು, ಹತ್ತನೆಯ ವರ್ಷದ ಹೊತ್ತಿಗೆ 25ರ ಆಸುಪಾಸಿನಲ್ಲಿ ನಿಂತಿತು. ಅಂದರೆ ಅತಿ ಕಡಿಮೆ ತೂಕವನ್ನು ಮುಟ್ಟಿದ ಮೇಲೆ ಸ್ವಲ್ಪ ಮೇಲೇರುವುದು ಹೆಚ್ಚಿನವರ ದೇಹ ಹಿಡಿಯುವ ದಾರಿ. ನೀನು ಎಲ್ಲವನ್ನೂ ಹಾಳುಮಾಡಿಕೊಂಡೆ ಎಂದು ನಿನ್ನನ್ನೇ ಬೈದುಕೊಳ್ಳುತ್ತಿರುವೆಯಲ್ಲ, ಆ 95 ಬಹುತೇಕ ಆ ಸರಾಸರಿಯ ಮೇಲೆಯೇ ಕುಳಿತಿದೆ. ಇದನ್ನು ನನಗೆ ಆ ದಿನಗಳಲ್ಲಿ ಯಾರಾದರೂ ಕೂಡಿಸಿ ಕಳೆದು ತೋರಿಸಿದ್ದರೆ ನಾನು ಎರಡು ವರ್ಷ ಆಸ್ಪತ್ರೆಯ ಕಡೆಗೆ ತಲೆಹಾಕದೆ ಇರುತ್ತಿರಲಿಲ್ಲ.

ನಾನು ಹೋಗದಿದ್ದದ್ದು ನಾಚಿಕೆಗೆ. 2018ರಲ್ಲಿ ಹೊಟ್ಟೆಯನ್ನು ಕಿರಿದಾಗಿಸುವ ಸ್ಲೀವ್ ಸರ್ಜರಿ ಆದಾಗ 124 ಇದ್ದವನು 78ಕ್ಕೆ ಬಂದು, ಮತ್ತೆ 93 ಆದ ಮೇಲೆ ಆ ಡಾಕ್ಟರ ಮುಂದೆ ಹೇಗೆ ನಿಲ್ಲುವುದು ಎಂದು ಪ್ರತಿ ಫಾಲೋ ಅಪ್ ದಿನವೂ ಒಂದು ನೆಪ ಹುಡುಕಿದೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಒಮ್ಮೆ, ಕಕ್ಕಸಿಗೆ ಹೋಗಿ ಬಂದು ಒಮ್ಮೆ, ಸ್ನಾನವಾದ ಮೇಲೆ ಮೈ ಒರೆಸಿಕೊಂಡು ಒಮ್ಮೆ, ಹೀಗೆ ಮೂರು ಸಲ ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ಅದು ತೋರಿಸಿದ ಅಂಕಿಯೇ ಆ ದಿನ ನನಗೆ ತಿಂಡಿ ಉಂಟೋ ಇಲ್ಲವೋ ಎಂದು ತೀರ್ಮಾನಿಸುತ್ತಿತ್ತು.

ಆದರೆ ತಿನ್ನುವ ಭಯ ತೂಕ ಏರಿದ ಮೇಲೆ ಹುಟ್ಟಿದ್ದಲ್ಲ, ಅದು ಇನ್ನೂ ಹಳೆಯದು. ಸರ್ಜರಿಯಾಗಿ ಮೂರು ತಿಂಗಳು ಕಳೆದಿತ್ತು. ಅಕ್ಕನ ಮನೆಯಲ್ಲಿ ಸೊಪ್ಪಿನ ಸಾರು, ಮುದ್ದೆ. ನಮ್ಮ ಕಡೆಯವರು ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ. ನಿಂಬೆಕಾಯಿಗಿಂತ ಚಿಕ್ಕದೊಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ. ಅದು ಎದೆಯ ನಡುವೆ ಕಲ್ಲಿನಂತೆ ನಿಂತುಬಿಟ್ಟಿತು. ಬಾಯಲ್ಲಿ ನೊರೆನೊರೆಯಾಗಿ ಜೊಲ್ಲು ತುಂಬಿತು, ಬೆನ್ನಿನವರೆಗೂ ನೋವು. ಹಿತ್ತಿಲಿನ ಒಗೆಯುವ ಕಲ್ಲನ್ನು ಹಿಡಿದು ಬಗ್ಗಿ ನಿಂತವನು ಮುಕ್ಕಾಲು ಗಂಟೆ ಹಾಗೆಯೇ ಇದ್ದೆ. ಅಕ್ಕ ಬೆನ್ನು ಸವರುತ್ತಾ ಅಳುತ್ತಿದ್ದಳು. ಅದಾದ ಮೇಲೆ ಎಷ್ಟೋ ವಾರ ಗಂಜಿ, ಮಜ್ಜಿಗೆ ಬಿಟ್ಟು ಬೇರೆ ಏನನ್ನೂ ನಾಲಿಗೆಗೆ ಇಟ್ಟುಕೊಳ್ಳಲಿಲ್ಲ. ತಲೆಗೂದಲು ಹಿಡಿ ಹಿಡಿಯಾಗಿ ಉದುರಿತು. ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು ಬಾಳೆಹಣ್ಣಿನಂಥ ಒಂದು ಕೊಳವೆಯನ್ನು ಉಳಿಸಿದ ಮೇಲೆ, ಅಗಿಯದ ತುತ್ತಿಗೆ ಅಲ್ಲಿ ಜಾಗವಿಲ್ಲ ಎಂಬುದನ್ನು ಕಾಗದದಲ್ಲಿ ಓದಿದ್ದೆ. ದೇಹಕ್ಕೆ ಅರ್ಥವಾದದ್ದು ಆ ಕಲ್ಲಿನ ಬಳಿ.

ನಿನಗೆ ಅದೇ ಪಾಠ ಯುಗಾದಿಯ ಹೋಳಿಗೆಯಿಂದ ಬಂತು. ಅರ್ಧ ಹೋಳಿಗೆ ತಿಂದು ಇಪ್ಪತ್ತು ನಿಮಿಷಕ್ಕೆ ಬೆವರಿ, ಎದೆ ಡವಡವ ಎಂದು, ನೆಂಟರೆಲ್ಲ ನೋಡುತ್ತಿರುವಾಗ ನಡುಮನೆಯಲ್ಲಿ ಮಲಗಿಬಿಟ್ಟೆಯಂತೆ. ಬೈಪಾಸಿನಲ್ಲಿ ಉಳಿಸುವ ಹೊಟ್ಟೆಯ ಚೀಲಕ್ಕೆ ಹಿಡಿಯುವುದು ಸುಮಾರು 30 ಮಿಲಿಲೀಟರ್. ಅಲ್ಲಿಂದ ಸಿಹಿ ನೇರವಾಗಿ ಸಣ್ಣ ಕರುಳಿಗೆ ಇಳಿದು ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಡಾಕ್ಟರುಗಳು ಡಂಪಿಂಗ್ ಎನ್ನುವುದು ಇದಕ್ಕೇ. ಇನ್ನು ಕೆಲವರಿಗೆ ಉಂಡು ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುತ್ತದೆ. ನಿನಗೆ ಮಧ್ಯಾಹ್ನ ಕಚೇರಿಯಲ್ಲಿ ಆಗುವ ನಡುಕ ಅದೇ ಇರಬಹುದೆಂದು ನನ್ನ ಅನುಮಾನ, ಅದನ್ನು ಪರೀಕ್ಷಿಸಿಯೇ ತಿಳಿಯಬೇಕು. ಹೀಗೆ ಅನುಭವಿಸಿದ ದೇಹ ಊಟದ ತಟ್ಟೆಯನ್ನು ಕಂಡು ಹಿಂಜರಿದರೆ ಅದು ದೌರ್ಬಲ್ಯವೆಂದು ನಾನು ಎಂದೂ ಹೇಳಲಾರೆ.

ಈ ಹಳೆಯ ಭಯದ ಮೇಲೆ ತೂಕದ ಭಯ ಬಂದು ಕೂತಾಗ ಗಂಟು ಬಿಗಿಯುತ್ತದೆ. ನನ್ನ ದಿನಚರಿಯನ್ನು ಹೇಳುತ್ತೇನೆ, ನಿನ್ನದೂ ಹೌದೋ ಅಲ್ಲವೋ ನೀನೇ ನೋಡು. ಬೆಳಿಗ್ಗೆ ಬರೀ ಕಾಫಿ. ಮಧ್ಯಾಹ್ನ ಎರಡು ಚಮಚ ಮೊಸರು, ಅದೂ ಯಾರೂ ನೋಡದಂತೆ. ಸಂಜೆಯವರೆಗೂ ನಾನು ಗೆದ್ದೆನೆಂಬ ಭಾವ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ, ಮಿಕ್ಸ್‌ಚರ್ ಡಬ್ಬಿಯ ಮುಚ್ಚಳ ಸದ್ದು ಮಾಡದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ತೆಗೆದು, ನಿಂತೇ ತಿನ್ನುತ್ತಿದ್ದೆ. ಮಿಕ್ಸ್‌ಚರ್, ಚಕ್ಕುಲಿ, ಬಿಸ್ಕೆಟ್, ಚುರುಮುರಿ ಇವೆಲ್ಲ ಬಾಯಲ್ಲೇ ಪುಡಿಯಾಗಿ ಕರಗಿ, ಹೊಟ್ಟೆಯಲ್ಲಿ ನಿಲ್ಲದೆ ಜಾರಿ ಹೋಗುತ್ತವೆ. ಮೊಟ್ಟೆಯೋ ಕಾಳಿನ ಪಲ್ಯವೋ ನಾಲ್ಕು ತುತ್ತಿಗೆ ಸಾಕೆನಿಸಿದರೆ ಇವು ಎಷ್ಟು ತಿಂದರೂ ಸಾಕೆನಿಸುವುದಿಲ್ಲ, ನೋವನ್ನೂ ಕೊಡುವುದಿಲ್ಲ. ನೋವಿಗೆ ಹೆದರಿದವನ ಕೈ ತಾನಾಗಿಯೇ ಅವುಗಳ ಕಡೆಗೆ ಹೋಗುತ್ತದೆ. ತೂಕ ಬರುವುದೂ ಅಲ್ಲಿಂದಲೇ. ಮರುದಿನ ಅದನ್ನು ಸರಿದೂಗಿಸಲು ಮತ್ತೆ ಉಪವಾಸ, ಆ ಉಪವಾಸದ ಬೆನ್ನಿಗೆ ಮತ್ತೆ ಅದೇ ಡಬ್ಬಿ.

ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆ ಪಡೆದು, ಆರು ತಿಂಗಳ ಕಾಲ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅದಕ್ಕೆ ಮೊದಲು ಊಟದ ಬಗ್ಗೆ ಯಾವ ಗೀಳೂ ಇಲ್ಲದಿದ್ದ ಆ ಹುಡುಗರು ಹಗಲೂ ರಾತ್ರಿ ಊಟದ್ದೇ ಮಾತಾಡತೊಡಗಿದರು, ಅಡುಗೆ ಪುಸ್ತಕಗಳನ್ನು ಕೂಡಿಹಾಕಿದರು. ನಿರ್ಬಂಧ ತೆಗೆದ ಮೇಲೆ ಕೆಲವರು ಎಷ್ಟು ಉಂಡರೂ ತೃಪ್ತಿಯಾಗದೆ ಒದ್ದಾಡಿದರು. ಸರ್ಜರಿಯಾಗಿಲ್ಲದ, ಒಳ್ಳೆಯ ಮೈಕಟ್ಟಿನ ಯುವಕರ ಗತಿಯೇ ಹೀಗಾದರೆ, ಮೂರು ದಿನ ಏನೂ ತಿನ್ನುವುದಿಲ್ಲವೆಂಬ ನಿನ್ನ ಶಪಥ ನಾಲ್ಕನೆಯ ರಾತ್ರಿ ನಿನ್ನನ್ನು ಎಲ್ಲಿಗೆ ಕರೆದೊಯ್ಯುತ್ತದೆ ಹೇಳು. ನಾನು ಇಷ್ಟು ಉದ್ದ ಬರೆಯುತ್ತಿರುವುದು ಈ ಒಂದು ಮಾತಿಗಾಗಿ: ನಿನ್ನ ತೂಕವನ್ನು ಏರಿಸುತ್ತಿರುವುದರಲ್ಲಿ ನಿನ್ನ ಉಪವಾಸಕ್ಕೂ ದೊಡ್ಡ ಪಾಲಿದೆ.

ನನ್ನ ಗಂಟು ಸಡಿಲವಾದದ್ದು ಬೆಳಗಿನ ತಿಂಡಿಯಿಂದ. ಡಯಟಿಷಿಯನ್ ಹೇಳಿದ್ದು ಇಷ್ಟೇ: ಎದ್ದು ಒಂದು ಗಂಟೆಯೊಳಗೆ, ಕುಳಿತುಕೊಂಡು, ಮೊದಲು ಪ್ರೋಟೀನ್. ನಮ್ಮಂಥವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ, ನೂರು ಗ್ರಾಂ ಪನೀರಿನಲ್ಲಿ ಸುಮಾರು 18. ಮೊದಲ ವಾರ ಒಂದು ಮೊಟ್ಟೆಯನ್ನು ತಿನ್ನಲು ನನಗೆ ಇಪ್ಪತ್ತೈದು ನಿಮಿಷ ಹಿಡಿಯಿತು, ಕೈ ನಡುಗುತ್ತಿತ್ತು. ಎರಡನೆಯ ವಾರದ ಕೊನೆಗೆ ಡಬ್ಬಿಯ ಹತ್ತಿರ ಹೋಗದ ಒಂದು ರಾತ್ರಿ ಬಂತು, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದೇನೆ. ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯುವುದನ್ನು ನಿನಗೂ ಹೇಳಿಕೊಟ್ಟಿದ್ದಾರೆ, ಅದನ್ನು ಮತ್ತೆ ಹಿಡಿ. ತೂಕದ ಯಂತ್ರ ಈಗ ಅಟ್ಟದ ಮೇಲಿದೆ, ತಿಂಗಳಿಗೊಮ್ಮೆ ಇಳಿಸುತ್ತೇವೆ. 93 ಇದ್ದದ್ದು ಈಗ 89. ನನಗೆ ಅದು ಸಾಕು.

ಆಸ್ಪತ್ರೆಗೆ ಹೋಗುವುದನ್ನು ಮಾತ್ರ ಮುಂದೂಡಬೇಡ. ಥೈರಾಯ್ಡ್ ಹೇಗಿದೆ, ನೀನು ತೆಗೆದುಕೊಳ್ಳುವ ಬೇರೆ ಔಷಧಿ ತೂಕ ಏರಿಸುತ್ತಿದೆಯೇ, ಚೀಲವೋ ಕರುಳಿನ ಜೋಡಣೆಯೋ ಅಗಲವಾಗಿದೆಯೇ ಎಂದು ಎಂಡೋಸ್ಕೋಪಿಯಿಂದ ನೋಡಬೇಕೇ, ಇವೆಲ್ಲ ಅವರು ಹೇಳಬೇಕಾದ ಮಾತು. ವಾರಕ್ಕೊಮ್ಮೆ ಕೊಡುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಇಂಜೆಕ್ಷನ್‌ಗಳನ್ನೂ ಈಗ ತೂಕ ಮರಳಿದವರಿಗೆ ಕೆಲವು ಡಾಕ್ಟರು ಕೊಡುತ್ತಾರೆ, ಅದನ್ನೂ ಕೇಳು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಇವು ನಮಗೆ ಜೀವಮಾನದ ಮಾತ್ರೆಗಳು. ಅವನ್ನು ಬಿಟ್ಟಿದ್ದೇನೆಂದು ನೀನೇ ಒಮ್ಮೆ ಹೇಳಿದ್ದೆ, ಪಾದ ಜುಮ್ಮೆನ್ನುತ್ತಿರುವುದನ್ನೂ ಹೇಳಿದ್ದೆ. ಇದು ಹುಡುಗಾಟದ ವಿಷಯವಲ್ಲ. ದಿನಗಟ್ಟಲೆ ವಾಂತಿಯಾದರೆ, ನಡಿಗೆ ತೂರಾಡಿದರೆ, ಕಣ್ಣು ಮಂಜಾದರೆ, ಅಥವಾ ಮಾತಿನಲ್ಲಿ ಗೊಂದಲವಾದರೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಕೊರತೆಯಿರಬಹುದು, ಅದೇ ದಿನ ಆಸ್ಪತ್ರೆಗೆ ಓಡಬೇಕು.

ಮನಸ್ಸಿನ ಭಾರಕ್ಕೆ ಸರ್ಜನ್ ಒಬ್ಬರೇ ಸಾಲುವುದಿಲ್ಲ. ನನಗೆ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಎಂಟು ತಿಂಗಳು ಹೋಗಿ ಕುಳಿತದ್ದು ಬಹಳ ನೆರವಾಯಿತು. ರಾತ್ರಿ ಹೊತ್ತು ತಡೆಯಲಾಗದಿದ್ದರೆ 14416ಕ್ಕೆ ಕರೆಮಾಡು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ; ಆ ಟೆಲಿ ಮಾನಸ್‌ನವರು ಕನ್ನಡದಲ್ಲಿಯೇ ಮಾತನಾಡುತ್ತಾರೆ. ‘ಲಕ್ಷಗಟ್ಟಲೆ ಸುರಿದು ಹೊಟ್ಟೆ ಕೊಯ್ಸಿಕೊಂಡು ಮತ್ತೆ ಊದಿದನಲ್ಲ’ ಎನ್ನುವ ನೆಂಟರಿಗೆ ನೀನು ಉತ್ತರ ಕೊಡಬೇಕಾಗಿಲ್ಲ. ನಿನ್ನ ಸಕ್ಕರೆ ಕಾಯಿಲೆಯ ಮಾತ್ರೆ ನಿಂತದ್ದು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಟ್ಟ ಹತ್ತಿದ್ದು ಅವರಿಗೆ ಗೊತ್ತಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಹೊರಟು ಎಂಟೂವರೆಯ ಹೊತ್ತಿಗೆ ನಿನ್ನ ಮನೆಯಲ್ಲಿರುತ್ತೇನೆ. ನನಗೊಂದು, ನಿನಗೊಂದು ಮೊಟ್ಟೆ ಬೇಯಿಸಿಡು. ಎಷ್ಟು ಹೊತ್ತಾದರೂ ಆಗಲಿ, ಜೊತೆಯಲ್ಲಿ ಕುಳಿತು ತಿನ್ನೋಣ. ಹಳೆಯ ಡಿಸ್ಚಾರ್ಜ್ ಕಾಗದಗಳನ್ನೂ ಕೊನೆಯ ರಕ್ತಪರೀಕ್ಷೆಯ ವರದಿಯನ್ನೂ ಹುಡುಕಿ ಮೇಜಿನ ಮೇಲಿಟ್ಟಿರು, ಸೋಮವಾರ ನಾನೂ ನಿನ್ನ ಜೊತೆ ಬರುತ್ತೇನೆ. ಇವತ್ತು ಏನು ತಿಂದೆ ಎಂದು ಸಂಜೆಯೊಳಗೆ ಬರೆದು ತಿಳಿಸು.

ನಿನ್ನ ಗೆಳೆಯ